ಅಗ್ಗದ ಟೈರ್, ದುಬಾರಿ ಟೈರ್: ಒದ್ದೆ ರಸ್ತೆಯಲ್ಲಿ ಅಳೆದು ನೋಡಿದಾಗ

ಒಣ ರಸ್ತೆಯಲ್ಲಷ್ಟೇ ಓಡಾಡಿದ್ದರೆ ಈ ಹೋಲಿಕೆಗೆ ನಾನು ಕೈ ಹಾಕುತ್ತಲೇ ಇರಲಿಲ್ಲ. ನಾಲ್ಕು ಅಗ್ಗದ ಟೈರ್‌ಗಳನ್ನು ಹಾಕಿಸಿಕೊಂಡು ಎಂಟು ತಿಂಗಳು ನೆಮ್ಮದಿಯಿಂದ ಕಾರು ಓಡಿಸಿದೆ. ಸದ್ದು ಸ್ವಲ್ಪ ಹೆಚ್ಚು ಎನಿಸಿದ್ದು ಬಿಟ್ಟರೆ ಬೇರೆ ಕೊರತೆ ಕಾಣಲಿಲ್ಲ. ಆಮೇಲೆ ಒಂದು ಸಂಜೆ, ಆಗತಾನೇ ಮಳೆ ಹನಿದು ನಿಂತ ರಸ್ತೆಯಲ್ಲಿ ಮುಂದಿನ ವಾಹನ ಥಟ್ಟನೆ ನಿಂತಿತು. ನಾನು ಬ್ರೇಕನ್ನು ಪೂರ್ತಿ ಒತ್ತಿದೆ. ಚಕ್ರಗಳು ಬಿಗಿದು ಜಾರದಂತೆ ತಡೆಯುವ ಎಬಿಎಸ್ ಪಾದದಡಿ ಗಡಗಡನೆ ಮಿಡಿಯಿತು, ಕಾರು ಮಾತ್ರ ಸಾಗುತ್ತಲೇ ಇತ್ತು. ಕೊನೆಗೆ ನಿಂತಾಗ ಎರಡು ಬಂಪರ್‌ಗಳ ನಡುವೆ ಒಂದು ಮೊಳವೂ ಉಳಿದಿರಲಿಲ್ಲ. ಹಿಂದಿನ ಸೀಟಿನಲ್ಲಿ ಮಕ್ಕಳಿದ್ದರು. ಇದರಲ್ಲಿ ನನ್ನ ತಪ್ಪೆಷ್ಟು, ಟೈರ್‌ನ ಪಾಲೆಷ್ಟು ಎಂಬುದನ್ನು ತಿಳಿಯದೆ ಇರಲು ಆಗಲಿಲ್ಲ.

ಹಾಗಾಗಿ ಅದೇ ಅಳತೆಯ, ಹೆಸರಾಂತ ಕಂಪನಿಯೊಂದರ ಮೇಲ್ದರ್ಜೆಯ ಟೈರ್‌ಗಳನ್ನು ಕೊಂಡು ಇನ್ನೊಂದು ಸೆಟ್ ಉಕ್ಕಿನ ರಿಮ್‌ಗಳಿಗೆ ಹಾಕಿಸಿದೆ. ಒಂದೇ ಕಾರಿಗೆ ಒಂದೇ ದಿನ ಎರಡೂ ಸೆಟ್‌ಗಳನ್ನು ಬದಲಿಸಿ ನೋಡಲು ಇದರಿಂದ ಅನುಕೂಲವಾಯಿತು. ಅಳತೆ 185/65 ಆರ್15 88ಎಚ್: ಅಗಲ 185 ಮಿಲಿಮೀಟರ್, ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇಕಡಾ 65, ರಿಮ್ 15 ಇಂಚು, ಒಂದು ಟೈರ್ ಹೊರಬಲ್ಲ ಭಾರ 560 ಕಿಲೋ, ತಾಳಬಲ್ಲ ವೇಗ ಗಂಟೆಗೆ 210 ಕಿಲೋಮೀಟರ್. ಎರಡು ಸೆಟ್‌ಗಳ ಮೇಲೂ ಇದೇ ಬರಹ. ಕಂಪನಿಗಳ ಹೆಸರು ಬರೆಯುತ್ತಿಲ್ಲ. ಒಂದೇ ಕಂಪನಿಯ ಎರಡು ಮಾದರಿಗಳ ನಡುವೆಯೂ ಅಜಗಜಾಂತರ ಇರುತ್ತದೆ, ಹೆಸರು ನೋಡಿ ಕೊಳ್ಳುವವರಿಗೆ ಅದು ದಾರಿ ತಪ್ಪಿಸುತ್ತದೆ.

ಹೋಲಿಕೆಯಲ್ಲಿ ನ್ಯಾಯ ಇರಬೇಕೆಂದು ಒಂದು ವಿಷಯಕ್ಕೆ ಕಾದೆ. ಅಗ್ಗದ ಟೈರ್‌ಗಳು ಆಗಲೇ ಸವೆದು ತೋಡುಗಳ ಆಳ 6.5 ಮಿಲಿಮೀಟರ್‌ಗೆ ಬಂದಿತ್ತು, ಹೊಸ ಸೆಟ್‌ನಲ್ಲಿ ಅದು 8 ಇತ್ತು. ಹೊಸ ಟೈರ್‌ನ ಮೈಮೇಲೆ ಅಚ್ಚಿನಿಂದ ಬಿಡಿಸಲು ಬಳಸಿದ ಜಾರು ಪದಾರ್ಥದ ಪಸೆಯೂ ಉಳಿದಿರುತ್ತದೆ. ಮೊದಲ ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆಯೇ ಟೈರ್ ತನ್ನ ನಿಜವಾದ ಹಿಡಿತ ತೋರುವುದು. ದುಬಾರಿ ಸೆಟ್ ಕೂಡ 6.5ಕ್ಕೆ ಇಳಿಯುವ ತನಕ ಅದನ್ನೇ ಓಡಿಸಿದೆ. ಬಳಿಕ ಸಂಚಾರವೇ ಇಲ್ಲದ ಒಂದು ಖಾಸಗಿ ಜಾಗದ ಡಾಂಬರು ಹಾದಿಯಲ್ಲಿ, ಗಾಳಿಯ ಒತ್ತಡವನ್ನು ಟೈರ್ ತಣ್ಣಗಿರುವಾಗಲೇ ಸರಿಮಾಡಿಕೊಂಡು, 60 ಕಿಲೋಮೀಟರ್ ವೇಗದಿಂದ ಪೂರ್ತಿ ಬ್ರೇಕ್ ಒತ್ತಿ, ನಿಂತ ಜಾಗವನ್ನು ಟೇಪಿನಿಂದ ಅಳೆದೆ. ಗೆಳೆಯನೊಬ್ಬ ಗುರುತು ಹಾಕಲು ನಿಂತಿದ್ದ. ಪ್ರತಿ ಸೆಟ್‌ನಲ್ಲೂ ಒಣ ನೆಲದ ಮೇಲೆ ಆರು ಬಾರಿ, ನೀರು ಚಿಮುಕಿಸಿದ ನೆಲದ ಮೇಲೆ ಆರು ಬಾರಿ. ಪ್ರಯೋಗಾಲಯದ ನಿಖರತೆ ಇದಕ್ಕಿಲ್ಲ, ಆದರೆ ಸಿಕ್ಕ ಅಂತರ ನನ್ನ ಅಳತೆಯ ತಪ್ಪಿಗಿಂತ ಬಹಳ ದೊಡ್ಡದಾಗಿತ್ತು.

ಒಣ ನೆಲದ ಮೇಲೆ ದುಬಾರಿ ಟೈರ್ ಸರಾಸರಿ 16 ಮೀಟರಿನಲ್ಲಿ ನಿಂತಿತು, ಅಗ್ಗದ್ದು 17ರಲ್ಲಿ. ಒಂದು ಮೀಟರ್ ಸಣ್ಣದಲ್ಲ, ಆದರೂ ದಿನನಿತ್ಯದ ಓಡಾಟದಲ್ಲಿ ಅದು ಅರಿವಿಗೆ ಬರುವುದಿಲ್ಲ. ಎಂಟು ತಿಂಗಳು ನಾನು ನೆಮ್ಮದಿಯಾಗಿದ್ದೆನಲ್ಲ, ಅದರ ಗುಟ್ಟು ಇದೇ.

ಒದ್ದೆ ನೆಲದ ಮೇಲೆ ದುಬಾರಿ ಟೈರ್ 19 ಮೀಟರಿನಲ್ಲಿ ನಿಂತರೆ, ಅಗ್ಗದ್ದು ಇಪ್ಪತ್ಮೂರೂವರೆ ಮೀಟರ್ ಸಾಗಿತು. ನಾಲ್ಕೂವರೆ ಮೀಟರ್, ಅಂದರೆ ಒಂದು ಕಾರಿನ ಉದ್ದಕ್ಕಿಂತ ಹೆಚ್ಚು. ಇದನ್ನು ದೂರದ ಲೆಕ್ಕದಲ್ಲಿ ನೋಡಿದರೆ ಅಪಾಯ ಪೂರ್ತಿ ಕಾಣುವುದಿಲ್ಲ, ವೇಗದ ಲೆಕ್ಕದಲ್ಲಿ ನೋಡಬೇಕು. ದುಬಾರಿ ಟೈರ್‌ನ ಕಾರು ಪೂರ್ತಿ ನಿಂತ ಬಿಂದುವಿನಲ್ಲಿ ಅಗ್ಗದ ಟೈರ್‌ನ ಕಾರು ಇನ್ನೂ ಗಂಟೆಗೆ ಸುಮಾರು 26 ಕಿಲೋಮೀಟರ್ ವೇಗದಲ್ಲಿ ಸಾಗುತ್ತಿರುತ್ತದೆ. ನಿಲ್ಲಲು ಬೇಕಾದ ದೂರ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುವುದರಿಂದ ಬ್ರೇಕ್ ಒತ್ತಿದಾಗ ವೇಗದ ದೊಡ್ಡ ಪಾಲು ಇಳಿಯುವುದು ಕೊನೆಯ ಕೆಲವು ಮೀಟರ್‌ಗಳಲ್ಲಿ. ಆ ಕೊನೆಯ ಮೀಟರ್‌ಗಳು ಸಿಗದೆ ಹೋದರೆ ಎದುರಿನದಕ್ಕೆ ತಾಗುವುದು ಮೆಲ್ಲಗಲ್ಲ. ಆ ಸಂಜೆಯ ಒಂದು ಮೊಳ ನೆನಪಾಗಿ ಟೇಪು ಹಿಡಿದ ಕೈ ಸ್ವಲ್ಪ ಹೊತ್ತು ಹಾಗೆಯೇ ನಿಂತಿತು.

ಈ ವ್ಯತ್ಯಾಸ ಎಲ್ಲಿಂದ ಬರುತ್ತದೆ? ನಾಲ್ಕೂ ಟೈರ್‌ಗಳು ರಸ್ತೆಗೆ ತಾಗುವ ಜಾಗ ಒಂದೊಂದಕ್ಕೆ ಒಂದು ಅಂಗೈಯಷ್ಟು. ಅಷ್ಟರಲ್ಲೇ ರಬ್ಬರ್ ಡಾಂಬರಿನ ಸಣ್ಣ ಉಬ್ಬುತಗ್ಗುಗಳೊಳಗೆ ಇಳಿದು, ಮರಳಿ ತನ್ನ ಆಕಾರಕ್ಕೆ ಬರಲು ತುಸು ತಡಮಾಡಬೇಕು. ಹಿಡಿತ ಹುಟ್ಟುವುದು ಆ ತಡದಿಂದ. ಆದರೆ ಅದೇ ಗುಣ ಉರುಳುವಾಗ ಶಕ್ತಿಯನ್ನು ತಿಂದು ಇಂಧನ ಹೆಚ್ಚು ಖರ್ಚು ಮಾಡಿಸುತ್ತದೆ. ಹಿಂದೆ ಟೈರ್ ತಯಾರಕರು ಒಂದನ್ನು ಪಡೆಯಲು ಇನ್ನೊಂದನ್ನು ಬಿಟ್ಟುಕೊಡಬೇಕಿತ್ತು. 1990ರ ದಶಕದ ಆರಂಭದಲ್ಲಿ ಮಿಶೆಲಿನ್ ಕಂಪನಿ ರಬ್ಬರಿಗೆ ಬೆರೆಸುವ ಮಸಿಯಂಥ ಪುಡಿಯಾದ ಇಂಗಾಲದ ಕಪ್ಪಿನ ಬಹುಪಾಲನ್ನು ತೆಗೆದು ಸಿಲಿಕಾ ಬೆರೆಸಿದ ಟೈರ್‌ಗಳನ್ನು ಮಾರುಕಟ್ಟೆಗೆ ತಂದ ಮೇಲೆ ಈ ಇಕ್ಕಟ್ಟು ಬಹಳ ಮಟ್ಟಿಗೆ ಸಡಿಲವಾಯಿತು. ಉರುಳುವಾಗಿನ ನಿಧಾನ ನಡುಕಕ್ಕೆ ಕಡಿಮೆ ಶಕ್ತಿ ಕಳೆದುಕೊಂಡು, ಬ್ರೇಕ್ ಒತ್ತಿದಾಗಿನ ವೇಗದ ನಡುಕಕ್ಕೆ ಗಟ್ಟಿಯಾಗಿ ಹಿಡಿಯುವಂತೆ ರಬ್ಬರನ್ನು ಹದಮಾಡಲು ಸಾಧ್ಯವಾಯಿತು. ಸಿಲಿಕಾ ಈಗ ಅಗ್ಗದ ಟೈರ್‌ಗಳಲ್ಲೂ ಇರುತ್ತದೆ. ಆದರೆ ಅದು ರಬ್ಬರಿನೊಂದಿಗೆ ಸುಲಭವಾಗಿ ಬೆರೆಯುವುದಿಲ್ಲ. ಬೆಸುಗೆಯಂತೆ ಕೆಲಸ ಮಾಡುವ ಇನ್ನೊಂದು ರಾಸಾಯನಿಕ ಬೇಕು, ಕಲಸುವ ಶಾಖವನ್ನೂ ಸಮಯವನ್ನೂ ಬಿಗಿಯಾಗಿ ಕಾಯಬೇಕು. ದುಬಾರಿ ಟೈರ್‌ಗೆ ಕೊಡುವ ಹೆಚ್ಚಿನ ಹಣದಲ್ಲಿ ಜಾಹೀರಾತಿನ ಪಾಲೂ ಇದೆ, ನಿಜ. ಆದರೆ ಈ ಹದಕ್ಕೆ ಕೊಡುವ ಪಾಲು ವ್ಯರ್ಥವಲ್ಲ ಎಂದು ಟೇಪು ನನಗೆ ತೋರಿಸಿತು.

ತಿರುವಿನಲ್ಲಿ ಅಳೆಯಲು ನನ್ನ ಬಳಿ ಸಾಧನವಿರಲಿಲ್ಲ, ಅನುಭವವನ್ನಷ್ಟೇ ಹೇಳಬಲ್ಲೆ. ಒದ್ದೆಯಾದ ಅದೇ ತಿರುವಿನಲ್ಲಿ ಅಗ್ಗದ ಟೈರ್‌ನ ಕಾರಿನ ಮೂತಿ ಬೇಗನೆ ಹೊರಗೆ ಸರಿಯತೊಡಗಿತು. ಸರಿಯುವ ಮೊದಲು ಸ್ಟೀರಿಂಗ್ ಹಗುರಾಗಿ ಮುನ್ಸೂಚನೆ ಕೊಟ್ಟಿತು ಎಂಬುದನ್ನೂ ಹೇಳಲೇಬೇಕು. ದುಬಾರಿ ಟೈರ್ ಅದೇ ವೇಗದಲ್ಲಿ ಅಲುಗಲಿಲ್ಲ, ಸ್ಟೀರಿಂಗ್ ತಿರುಗಿಸಿದ ಕೂಡಲೇ ಮಾತು ಕೇಳಿತು.

ಸದ್ದಿನಲ್ಲಿ ದುಬಾರಿಯದು ಮೆತ್ತಗೆ. ಇಂಧನದಲ್ಲಿ ನನಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ನಿಂತ ನೀರಿನ ಮೇಲೆ ಕಥೆ ಬೇರೆಯಾಯಿತು. ಕಾರು ವೇಗವಾಗಿ ನೀರಿನ ಮೇಲೆ ಹಾಯುವಾಗ ತೋಡುಗಳು ನೀರನ್ನು ಹೊರಗೆ ತಳ್ಳಲು ಸೋತರೆ ಟೈರ್ ನೀರಿನ ಪದರದ ಮೇಲೆ ತೇಲಿಬಿಡುತ್ತದೆ, ರಬ್ಬರಿಗೂ ರಸ್ತೆಗೂ ಸಂಬಂಧವೇ ಇರುವುದಿಲ್ಲ. ಆಗ ರಬ್ಬರಿನ ಹದ ಎಷ್ಟು ಉತ್ತಮವಾಗಿದ್ದರೂ ಪ್ರಯೋಜನವಿಲ್ಲ. ಕೆಲಸಕ್ಕೆ ಬರುವುದು ತೋಡಿನ ಆಳ, ವಿನ್ಯಾಸ ಮತ್ತು ಒಳಗಿನ ಗಾಳಿ. 1960ರ ದಶಕದಲ್ಲಿ ನಾಸಾ ವಿಮಾನಗಳ ಟೈರ್ ಬಗ್ಗೆ ನಡೆಸಿದ ಅಧ್ಯಯನ, ತೇಲುವ ವೇಗ ಗಾಳಿಯ ಒತ್ತಡದ ವರ್ಗಮೂಲದೊಂದಿಗೆ ಏರುತ್ತದೆ ಎಂದು ತೋರಿಸಿತ್ತು. ಗಾಳಿ ಕಡಿಮೆಯಾದ ಟೈರ್ ಬೇಗ ತೇಲುತ್ತದೆ. ಒಂದೇ ಆಳದ ತೋಡುಗಳಿದ್ದಾಗ ನನ್ನ ಎರಡು ಸೆಟ್‌ಗಳ ನಡುವೆ ಇಲ್ಲಿ ಹೆಚ್ಚಿನ ಅಂತರ ತಿಳಿಯಲಿಲ್ಲ. ಎರಡರಲ್ಲೂ ಸುಮಾರು ಒಂದೇ ವೇಗದಲ್ಲಿ ಸ್ಟೀರಿಂಗ್ ಖಾಲಿಯಾದಂತೆ ಅನಿಸಿತು. ಇದರಿಂದ ನನ್ನ ಎಣಿಕೆ ಬದಲಾಯಿತು. ತುಂಬು ತೋಡಿನ ಅಗ್ಗದ ಟೈರ್ ನಿಂತ ನೀರಿನಲ್ಲಿ ಬೋಳಾಗುತ್ತ ಬಂದ ದುಬಾರಿ ಟೈರ್‌ಗಿಂತ ಮೇಲು. ದುಬಾರಿ ಎಂಬ ಕಾರಣಕ್ಕೆ ಕೊನೆಯ ಎಳೆಯವರೆಗೂ ಓಡಿಸುವವರು ತಾವು ಹಣ ಕೊಟ್ಟು ಪಡೆದದ್ದನ್ನು ತಾವೇ ಕಳೆದುಕೊಳ್ಳುತ್ತಾರೆ. ಬಹಳಷ್ಟು ದೇಶಗಳ ಕಾನೂನು 1.6 ಮಿಲಿಮೀಟರ್‌ವರೆಗೆ ಬಿಡುತ್ತದೆ, ತೋಡಿನೊಳಗಿನ ಸಣ್ಣ ಉಬ್ಬುಗಳು ಆ ಮಟ್ಟವನ್ನೇ ಸೂಚಿಸುತ್ತವೆ. ನನ್ನ ಮಟ್ಟಿಗೆ ಅದು ತೀರಾ ತಡ.

ಸವೆತದಲ್ಲಿ ಅಗ್ಗದ ಟೈರ್ ಗೆದ್ದಿತು. ಒಂದೂವರೆ ಮಿಲಿಮೀಟರ್ ಸವೆಯಲು ಅದಕ್ಕೆ 12,000 ಕಿಲೋಮೀಟರ್ ಹಿಡಿದರೆ, ದುಬಾರಿಗೆ 9,000 ಸಾಕಾಯಿತು. ಅಗ್ಗದ್ದರ ರಬ್ಬರ್ ಗಟ್ಟಿ, ಅದಕ್ಕೇ ಬಾಳಿಕೆ ಹೆಚ್ಚು, ಅದಕ್ಕೇ ಒದ್ದೆಯಲ್ಲಿ ಹಿಡಿತ ಕಡಿಮೆ. ಎಲ್ಲ ಮಾದರಿಗಳೂ ಹೀಗೆಯೇ ಎನ್ನಲಾಗದು, ನನ್ನ ಎರಡರಲ್ಲಿ ಹೀಗಾಯಿತು. ಬಾಳಿಕೆಯನ್ನು ಹೊಗಳಿ ಟೈರ್ ಮಾರುವಾಗ ಹಿಡಿತದ ಬಗ್ಗೆ ಎರಡನೆಯ ಪ್ರಶ್ನೆ ಕೇಳುವುದನ್ನು ನಾನು ಕಲಿತದ್ದು ಇದರಿಂದ.

ಟೇಪು ಹಿಡಿಯದೆಯೂ ಕೊಳ್ಳುವ ಮೊದಲೇ ಒಂದಿಷ್ಟು ತಿಳಿಯಬಹುದು. ಯುರೋಪಿನಲ್ಲಿ ಮಾರುವ ಟೈರ್‌ಗಳ ಚೀಟಿಯ ಮೇಲೆ ಒದ್ದೆ ಹಿಡಿತಕ್ಕೆ ಎ ಇಂದ ಇ ತನಕ ದರ್ಜೆ ಇರುತ್ತದೆ. 2012ರಲ್ಲಿ ಆರಂಭವಾದ ಆ ಪದ್ಧತಿಯನ್ನು 2021ರಲ್ಲಿ ಪರಿಷ್ಕರಿಸಲಾಯಿತು. ನನ್ನ ದುಬಾರಿ ಸೆಟ್‌ಗೆ ಎ, ಅಗ್ಗದ್ದಕ್ಕೆ ಡಿ. ಕೊಳ್ಳುವಾಗ ಆ ಡಿ ನನ್ನ ಕಣ್ಣಿಗೆ ಬಿದ್ದಿತ್ತು, ಅರ್ಥ ಮಾತ್ರ ಹೊಳೆದಿರಲಿಲ್ಲ. ಅಮೆರಿಕದ ಪದ್ಧತಿಯಲ್ಲಿ ಟೈರ್‌ನ ಪಕ್ಕದಲ್ಲೇ ಎಎ, ಎ, ಬಿ, ಸಿ ಎಂದು ಹಿಡಿತದ ದರ್ಜೆ ಅಚ್ಚಾಗಿರುತ್ತದೆ. ಎರಡೂ ನೇರ ಹಾದಿಯ ಬ್ರೇಕಿನ ಪರೀಕ್ಷೆಗಳು. ತಿರುವಿನ ಬಗ್ಗೆಯಾಗಲಿ, ನಿಂತ ನೀರಿನ ಬಗ್ಗೆಯಾಗಲಿ ಏನೂ ಹೇಳುವುದಿಲ್ಲ. ಪಕ್ಕದ ಗೋಡೆಯಲ್ಲಿರುವ ನಾಲ್ಕು ಅಂಕಿಗಳನ್ನೂ ನೋಡಿ: 2324 ಎಂದಿದ್ದರೆ 2024ರ 23ನೇ ವಾರದಲ್ಲಿ ತಯಾರಾದದ್ದು. ವರ್ಷಗಟ್ಟಲೆ ಉಗ್ರಾಣದಲ್ಲಿ ಬಿದ್ದ ದುಬಾರಿ ಟೈರ್‌ಗೆ ರಿಯಾಯಿತಿ ಸಿಕ್ಕರೂ ನಾನು ಮುಟ್ಟುವುದಿಲ್ಲ, ರಬ್ಬರ್ ಓಡದಿದ್ದರೂ ಮುದಿಯಾಗುತ್ತದೆ.

ಹಣದ ಬಿಗಿ ಇರುವವರು ಎರಡು ದುಬಾರಿ, ಎರಡು ಅಗ್ಗದ್ದು ಎಂದು ಬೆರೆಸುವ ಯೋಚನೆ ಮಾಡುತ್ತಾರೆ. ಬೇಡ ಎನ್ನುತ್ತೇನೆ. ಮುಂದೆ ಹಿಡಿತ ಹೆಚ್ಚು, ಹಿಂದೆ ಕಡಿಮೆಯಾದರೆ ಒದ್ದೆ ತಿರುವಿನಲ್ಲಿ ಕಾರಿನ ಹಿಂಭಾಗ ಸುತ್ತಿ ಬರುತ್ತದೆ, ಅದನ್ನು ಸರಿಪಡಿಸುವುದು ಪಳಗಿದ ಚಾಲಕರಿಗೂ ಕಷ್ಟ. ಎರಡೇ ಟೈರ್ ಬದಲಿಸುವ ಅನಿವಾರ್ಯ ಬಂದರೆ ಹೊಸವು ಹಿಂದಿನ ಗಾಲಿಗಳಿಗೆ ಹೋಗಬೇಕು, ಮುಂದಿನ ಚಕ್ರಗಳಿಂದ ಓಡುವ ಕಾರಿನಲ್ಲೂ ಹಾಗೆಯೇ. ಬೆರೆಸುವ ಬದಲು ದೊಡ್ಡ ಕಂಪನಿಗಳ ಒಡೆತನದ ಎರಡನೆಯ ಸಾಲಿನ ಹೆಸರುಗಳಲ್ಲಿ ನಾಲ್ಕನ್ನೂ ಕೊಳ್ಳುವುದು ಮೇಲು. ಮಿಶೆಲಿನ್‌ಗೆ ಕ್ಲೇಬರ್, ಕಾಂಟಿನೆಂಟಲ್‌ಗೆ ಸೆಂಪೆರಿಟ್ ಮತ್ತು ಬಾರುಮ್ ಇರುವಂತೆ. ಅಲ್ಲಿ ಒದ್ದೆ ಹಿಡಿತಕ್ಕೆ ಬಿ ದರ್ಜೆ ಇರುವ ಮಾದರಿ ಸಿಕ್ಕರೆ ನಾನು ಹಿಂದೆಮುಂದೆ ನೋಡುವುದಿಲ್ಲ. ಮಳೆಯೇ ಅಪರೂಪವಾದ ಕಡೆ, ಊರೊಳಗೆ ನಿಧಾನವಾಗಿ ಓಡಾಡುವವರಿಗೆ ಅಗ್ಗದ ಟೈರ್ ತಪ್ಪು ಆಯ್ಕೆ ಎಂದೂ ಹೇಳಲಾರೆ.

ನನ್ನ ಕಾರಿನಲ್ಲಿ ಈಗ ದುಬಾರಿ ಸೆಟ್ ಇದೆ. ಅಗ್ಗದ ಸೆಟ್‌ನಿಂದ ಒಂದನ್ನು ಸ್ಟೆಪ್ನಿಯಾಗಿ ಇಟ್ಟುಕೊಂಡೆ. ತಿಂಗಳಿಗೊಮ್ಮೆ ಗಾಳಿ ನೋಡುವಾಗ ತೋಡುಗಳನ್ನೂ ಅಳೆಯುತ್ತೇನೆ. ನಿನ್ನೆ ಅಳೆದಾಗ ಮುಂದಿನ ಎರಡರಲ್ಲಿ 3.8 ಇತ್ತು. 3ಕ್ಕೆ ಇಳಿದ ದಿನ ಬದಲಿಸುವುದಕ್ಕೆ ಈಗಿನಿಂದಲೇ ಹಣ ಎತ್ತಿಡುತ್ತಿದ್ದೇನೆ.