ಎಬಿಜಿ ಆ್ಯಪ್: ಮೂರು ಸ್ಟಾರ್, ಅದೂ ವಿಂಟರ್ಸ್ ಲೆಕ್ಕಕ್ಕೆ

ನಾನು ಐಸಿಯು ಡ್ಯೂಟಿ ಡಾಕ್ಟರ್, ರಾತ್ರಿ ಪಾಳಿಯೇ ಜಾಸ್ತಿ. ಆರು ತಿಂಗಳಿಂದ ಫೋನಿನಲ್ಲಿ ಒಂದು ಎಬಿಜಿ (ಆರ್ಟರಿ ರಕ್ತದ ಗ್ಯಾಸ್ ಪರೀಕ್ಷೆ) ಆ್ಯಪ್ ಇಟ್ಟುಕೊಂಡಿದ್ದೇನೆ. ಮಣಿಕಟ್ಟಿನ ಆರ್ಟರಿಯಿಂದ ರಕ್ತ ತೆಗೆದು ಮಿಷನ್ನಿಗೆ ಹಾಕಿದಾಗ ಒಂದು ಚೀಟಿ ಬರುತ್ತದಲ್ಲ, ಅದರ ಅಂಕಿಗಳನ್ನು ಇದಕ್ಕೆ ಕೊಟ್ಟರೆ ಆಸಿಡೋಸಿಸ್ಸೋ (ರಕ್ತದಲ್ಲಿ ಆಮ್ಲ ಜಾಸ್ತಿ) ಆಲ್ಕಲೋಸಿಸ್ಸೋ (ಕ್ಷಾರ ಜಾಸ್ತಿ) ಹೇಳುತ್ತದೆ. ಹೆಸರು ಬರೆಯುತ್ತಿಲ್ಲ. ಇದೇ ಥರದ ಇನ್ನೆರಡನ್ನು ಹಾಕಿ ನೋಡಿದೆ, ಅವುಗಳ ಹಣೆಬರಹವೂ ಹೆಚ್ಚುಕಡಿಮೆ ಇಷ್ಟೇ.

ಮೊದಲು ಒಳ್ಳೇದು ಹೇಳಿಬಿಡ್ತೇನೆ. ನೆಟ್ ಇಲ್ಲದಿದ್ದರೂ ಓಡುತ್ತದೆ. ವಿಂಟರ್ಸ್ ಫಾರ್ಮುಲಾ ತಾನೇ ಹಾಕುತ್ತದೆ. ಮೆಟಬಾಲಿಕ್ ಆಸಿಡೋಸಿಸ್ (ಉಸಿರಾಟದ ಕಾರಣಕ್ಕಲ್ಲದೆ ಬಂದದ್ದು) ಇದ್ದಾಗ ಬೈಕಾರ್ಬನ್ನು (ರಕ್ತದ ಆಸಿಡ್ ತಗ್ಗಿಸುವ ಬೈಕಾರ್ಬೊನೇಟ್) ಒಂದೂವರೆಯಿಂದ ಗುಣಿಸಿ 8 ಕೂಡಿಸಬೇಕು, ಆ ಕಡೆ ಈ ಕಡೆ 2 ಬಿಡಬೇಕು. ಬೈಕಾರ್ಬ್ 10 ಇದ್ದರೆ ಪಿಸಿಒಟು (ರಕ್ತದ ಕಾರ್ಬನ್ ಡೈಆಕ್ಸೈಡ್) 21ರಿಂದ 25ರೊಳಗೆ ಇರಬೇಕು. 33 ಇದೆ ಅಂದರೆ ರೋಗಿ ಉಸಿರಾಡಿ ಉಸಿರಾಡಿ ಸೋಲುತ್ತಿರಬಹುದು, ವೆಂಟಿಲೇಟರ್ ಹತ್ತಿರ ಎಳೆದುಕೊಂಡು ಕೂರಬೇಕು. ಬೆಳಗಿನ ಜಾವ ಮೂರು ಗಂಟೆಗೆ ನನ್ನ ತಲೆಗೆ ಒಂದೂವರೆಯ ಮಗ್ಗಿ ಹತ್ತುವುದಿಲ್ಲ, ಇದು ಥಟ್ಟಂತ ಹೇಳಿ ಹೆಚ್ಚಿದ್ದರೆ ಕೆಂಪಾಗಿ ತೋರಿಸುತ್ತದೆ. ಇದಕ್ಕೆ ಮೂರೂ ಸ್ಟಾರ್ ಕೊಟ್ಟೆ.

ಇನ್ನೆರಡು ಯಾಕೆ ಕೊಡಲಿಲ್ಲ ಅಂದರೆ, ಮೊದಲ ಪುಟದಲ್ಲಿ ಇದು ಕೇಳುವುದು ಪಿಎಚ್, ಪಿಸಿಒಟು, ಬೈಕಾರ್ಬ್ ಮೂರೇ. ಒಂದು ರಾತ್ರಿ ಶುಗರ್ ಇರುವ ಹುಡುಗನೊಬ್ಬ ಬಂದ. ಎರಡು ದಿನದಿಂದ ವಾಂತಿ, ಊಟ ಸೇರುತ್ತಿಲ್ಲ ಅಂತ ಮನೆಯವರು ಇನ್ಸುಲಿನ್ನನ್ನೂ ನಿಲ್ಲಿಸಿದ್ದರು. ಚೀಟಿಯಲ್ಲಿ ಪಿಎಚ್ 7.39, ಪಿಸಿಒಟು 39, ಬೈಕಾರ್ಬ್ 23. ಆ್ಯಪ್ ಹಸಿರು ಟಿಕ್ ಹಾಕಿ ನಾರ್ಮಲ್ ಅಂದಿತು. ನಾನೂ ಉಸಿರು ಬಿಟ್ಟೆ. ಪಕ್ಕದಲ್ಲಿದ್ದ ಸಿಸ್ಟರ್ ಮಾತ್ರ ಬಿಡಲಿಲ್ಲ, "ಯೂರಿನ್ ಕೀಟೋನ್ ಮೂರು ಪ್ಲಸ್ ಇದೆಯಲ್ಲ ಮೇಡಂ, ನಾರ್ಮಲ್ ಹೇಗಾಗುತ್ತೆ?" ಅಂದರು. ಅದೇ ಚೀಟಿಯ ಕೆಳಗೆ ಸೋಡಿಯಂ 138, ಕ್ಲೋರೈಡ್ 85 ಅಂತ ಪ್ರಿಂಟ್ ಆಗಿತ್ತು. ಸೋಡಿಯಂನಿಂದ ಕ್ಲೋರೈಡನ್ನೂ ಬೈಕಾರ್ಬನ್ನೂ ಕಳೆದರೆ 30. ಇದೇ ಆನಯನ್ ಗ್ಯಾಪ್, ಇರಬೇಕಾದ್ದು 8ರಿಂದ 12! ಜಾಸ್ತಿ ಇದ್ದರೆ ಲೆಕ್ಕಕ್ಕೆ ಸಿಗದ ಆಸಿಡ್ ರಕ್ತದಲ್ಲಿದೆ ಅಂತ. ಇನ್ಸುಲಿನ್ ಇಲ್ಲದಾಗ ಹುಟ್ಟುವ ಕೀಟೋನ್ ಆಸಿಡ್ ಬೈಕಾರ್ಬನ್ನು ತಿಂದು ಇಳಿಸುತ್ತಿತ್ತು, ವಾಂತಿಯಲ್ಲಿ ಹೊಟ್ಟೆಯ ಆಸಿಡ್ ಹೊರಗೆ ಹೋಗಿ ಅದೇ ಬೈಕಾರ್ಬ್ ಏರುತ್ತಿತ್ತು, ಎರಡೂ ಸೇರಿ ಸರಿಯಾಗಿ ಮಧ್ಯಕ್ಕೆ ಬಂದು ನಿಂತಿದ್ದವು. ಆ ಹಸಿರು ಟಿಕ್ ನಂಬಿ ಹುಡುಗನನ್ನು ವಾರ್ಡಿಗೆ ಕಳಿಸಿದ್ದರೆ?

ಗ್ಯಾಪ್ ಲೆಕ್ಕ ಆ್ಯಪಿನಲ್ಲಿ ಇಲ್ಲ ಅಂತಲ್ಲ, ಮೂರನೇ ಪುಟದಲ್ಲಿ ಎಲ್ಲೋ ಅಡಗಿಸಿಟ್ಟಿದ್ದಾರೆ. ಆಲ್ಬುಮಿನ್ (ರಕ್ತದ ಒಂದು ಪ್ರೋಟೀನ್) ತಿದ್ದುಪಡಿಗಂತೂ ಬೀಗ, ತಿಂಗಳಿಗೆ 149 ರೂಪಾಯಿ. ಐಸಿಯುನಲ್ಲಿ ಆಲ್ಬುಮಿನ್ 4 ಇರುವವರು ಎಷ್ಟು ಜನ ಹೇಳಿ? 4ಕ್ಕಿಂತ ಪ್ರತಿ ಒಂದು ಗ್ರಾಂ ಕಮ್ಮಿಗೆ ಗ್ಯಾಪಿಗೆ ಎರಡೂವರೆ ಕೂಡಿಸಬೇಕು. ಆಲ್ಬುಮಿನ್ 2 ಇರುವವರಲ್ಲಿ 12 ಅಂತ ಕಂಡದ್ದು ನಿಜಕ್ಕೂ 17. ಇಂಥ ಜಾಗಕ್ಕೇ ಬೀಗ ಹಾಕಿದ್ದಾರೆ, ಏನು ಬುದ್ಧಿಯೋ.

ಇನ್ನೊಂದು, ಅಕ್ಯೂಟ್ (ಈಗಷ್ಟೇ ಶುರುವಾದದ್ದು) ಅಥವಾ ಕ್ರಾನಿಕ್ (ಬಹುಕಾಲದ್ದು) ಅಂತ ಎರಡು ಬಟನ್. ಪಿಸಿಒಟು 10 ಏರಿದರೆ ಬೈಕಾರ್ಬ್ ಅಕ್ಯೂಟಿನಲ್ಲಿ 1 ಏರುತ್ತದೆ, ಕ್ರಾನಿಕ್ಕಿನಲ್ಲಿ ಸುಮಾರು 4. ಹಳೇ ಸಿಒಪಿಡಿ (ಬಹುಕಾಲದ ಶ್ವಾಸಕೋಶದ ಕಾಯಿಲೆ) ಅಜ್ಜನ ಪಿಎಚ್ 7.34, ಪಿಸಿಒಟು 64, ಬೈಕಾರ್ಬ್ 34. ಇಂಟರ್ನ್ ಅಕ್ಯೂಟ್ ಒತ್ತಿದ, ಆ್ಯಪ್ ಮೆಟಬಾಲಿಕ್ ಆಲ್ಕಲೋಸಿಸ್ ಕೂಡ ಇದೆ ಅಂದಿತು. ಕ್ರಾನಿಕ್ ಒತ್ತಿಸಿದೆ, ಅದು ಮಾಯ. ಎಷ್ಟು ವರ್ಷದ ಬೀಡಿ ಅಂತ ಅಜ್ಜನನ್ನೇ ಕೇಳಬೇಕಲ್ವಾ, ಫೋನಿಗೇನು ಗೊತ್ತು.

ಆಕ್ಸಿಜನ್ ಎಷ್ಟು ಕೊಡುತ್ತಿದ್ದೀರಿ ಅಂತಲೂ ಕೇಳುವುದಿಲ್ಲ. ಪಿಒಟು (ರಕ್ತದ ಆಕ್ಸಿಜನ್) 90 ಇದ್ದರೆ ಸುಮ್ನೆ ನಾರ್ಮಲ್. 60 ಪರ್ಸೆಂಟ್ ಆಕ್ಸಿಜನ್ ಮೇಲೆ ಬಂದ 90 ಆದರೆ ಪಿಎಫ್ ರೇಶಿಯೋ (90ನ್ನು 0.6ರಿಂದ ಭಾಗಿಸಿದ್ದು) 150, ಶ್ವಾಸಕೋಶ ಚೆನ್ನಾಗೇ ಕೆಟ್ಟಿದೆ ಅಂತ ಅರ್ಥ. ಸಿರಿಂಜಿನಲ್ಲಿ ಗಾಳಿ ಗುಳ್ಳೆ ಉಳಿದಿತ್ತಾ, ರಕ್ತ ಹೆಪ್ಪುಗಟ್ಟದಂತೆ ಹಾಕುವ ಹೆಪಾರಿನ್ ಜಾಸ್ತಿ ಆಯಿತಾ, ಸ್ಯಾಂಪಲ್ ಅರ್ಧ ಗಂಟೆ ಮೇಜಿನ ಮೇಲೇ ಕೂತಿತ್ತಾ, ಅಂಕಿ ಕೆಡಿಸುವ ಇದ್ಯಾವುದೂ ಅದಕ್ಕೆ ಬೇಡ.

ಪಿಜಿಗಳು, ಇಂಟರ್ನ್‌ಗಳು ಹಾಕಿಕೊಳ್ಳಿ, ಬೇಡ ಅನ್ನಲ್ಲ. ನಾನೀಗ ಸೋಡಿಯಂ ಕ್ಲೋರೈಡ್ ಲೆಕ್ಕವನ್ನು ಚೀಟಿಯ ಹಿಂದೆ ಪೆನ್ನಲ್ಲಿ ಬರೆದ ಮೇಲೇ ಫೋನ್ ತೆಗೆಯುವುದು. 149 ಮಾತ್ರ ಕೊಡಲ್ಲ. ಬೈಕಾರ್ಬ್ ಟೈಪ್ ಮಾಡುವಾಗ ಅರ್ಧ ನಿಮಿಷದಲ್ಲಿ ಸಾಲ ಕೊಡ್ತೀವಿ ಅಂತ ಪರದೆ ತುಂಬ ಒಂದು ಜಾಹೀರಾತು ಬರುತ್ತದೆ, ದುಡ್ಡು ಕೊಟ್ಟರೂ ಅದು ಹೋಗುವುದಿಲ್ಲವಂತೆ.