ರವಿಕೆಯ ಬಣ್ಣ ಹೊಂದಿಸಲು ಯಾವ ದೀಪ?

ಇಳಕಲ್ ಸೀರೆಯೊಂದರ ದಾಳಿಂಬೆಗೆಂಪು ಸೆರಗಿಗೆ ಹೊಂದುವ ರವಿಕೆ ಬಟ್ಟೆಯನ್ನು ಕಳೆದ ಚಳಿಗಾಲದ ಒಂದು ರಾತ್ರಿ ಟ್ಯೂಬ್‌ಲೈಟಿನಲ್ಲಿ ಆರಿಸಿ, ಹೊಲಿದೂ ಮುಗಿಸಿದ್ದೆ. ಮರುದಿನ ಗಿರಾಕಿ ಅಂಗಳದ ಬಿಸಿಲಿನಲ್ಲಿ ಎರಡನ್ನೂ ಜೊತೆಗಿಟ್ಟಾಗ ರವಿಕೆ ಇಟ್ಟಿಗೆಯ ಬಣ್ಣದ್ದಾಗಿ ಕಂಡಿತು. ಆ ನಷ್ಟದ ಬಳಿಕ ಹೊಲಿಗೆ ಯಂತ್ರದ ಮೇಲೆ ಮೂರು ಎಲ್‌ಇಡಿ ದೀಪಗಳನ್ನು ಹಾಕಿ ನೋಡಿದ್ದೇನೆ. 4000 ಕೆಲ್ವಿನ್, ಸಿಆರ್‌ಐ 95ರ ದೀಪವನ್ನು ಇನ್ನು ನಾನು ಬಿಡುವುದಿಲ್ಲ. ಕೆಲ್ವಿನ್ ಎಂದರೆ ಬೆಳಕು ಹಳದಿಯೋ ನೀಲಿಯೋ ಎಂಬುದರ ಅಳತೆ, ಅಂಕಿ ಹೆಚ್ಚಿದಷ್ಟೂ ನೀಲಿಗೆ ವಾಲುತ್ತದೆ; ಸಿಆರ್‌ಐ ಎಂದರೆ ದೀಪ ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬುದಕ್ಕೆ ನೂರರೊಳಗಿನ ಅಂಕ.

ಹಳದಿ ಬೆಳಕಿನ 3000 ಕೆಲ್ವಿನ್ ಬಲ್ಬು ಕಣ್ಣಿಗೆ ಹಿತ, ಆದರೆ ಕಡುನೀಲಿಯನ್ನೂ ಕಪ್ಪನ್ನೂ ಅದರಲ್ಲಿ ಬೇರ್ಪಡಿಸಲಾಗಲಿಲ್ಲ.

ನನ್ನನ್ನು ನಿಜವಾಗಿ ಕಾಡಿದ್ದು 6500 ಕೆಲ್ವಿನ್, ಸಿಆರ್‌ಐ 80ರ ಆ ಬಿಳಿ ಟ್ಯೂಬ್. ಕೋಣೆಯ ಬೆಳಕು ನೀಲಿಗೋ ಹಳದಿಗೋ ವಾಲಿದ್ದರೂ ಸುತ್ತಲಿನ ಗೋಡೆ, ಸೀಮೆಸುಣ್ಣ, ಕಾಗದಗಳನ್ನು ಆಧರಿಸಿ ಮಿದುಳು ಆ ವಾಲಿಕೆಯನ್ನು ಬಹುಮಟ್ಟಿಗೆ ಕಳೆದುಬಿಡುತ್ತದೆ. ಹಾಗಾಗಿ ಸೀಮೆಸುಣ್ಣ ಎಲ್ಲ ದೀಪದಡಿಯೂ ಬಿಳಿಯಾಗಿಯೇ ತೋರುತ್ತದೆ, ನಮಗೂ ಬೆಳಕಿನ ಮೇಲೆ ನಂಬಿಕೆ ಬರುತ್ತದೆ. ಆದರೆ ಬೇರೆ ಬೇರೆ ಬಣ್ಣದ ಪುಡಿಯಲ್ಲಿ ಅದ್ದಿದ ಎರಡು ಬಟ್ಟೆಗಳು ಒಂದು ಬೆಳಕಿನಲ್ಲಿ ಒಂದೇ ಆಗಿ ಕಂಡು ಇನ್ನೊಂದರಲ್ಲಿ ಬೇರೆಯಾದರೆ, ಅದನ್ನು ಸರಿಪಡಿಸುವ ಶಕ್ತಿ ಮಿದುಳಿಗಿಲ್ಲ. ಸಾಮಾನ್ಯ ಬಿಳಿ ಎಲ್‌ಇಡಿಯಲ್ಲಿ ನೀಲಿ ಬೆಳಕು ಸೂಸುವ ಚಿಪ್‌ನ ಮೇಲೆ, ಆ ಬೆಳಕಿನ ಒಂದು ಪಾಲನ್ನು ಹಳದಿಯಾಗಿಸುವ ಫಾಸ್ಫರ್ ಪುಡಿಯ ಲೇಪವಿರುವುದರಿಂದ ಕಡುಗೆಂಪಿನ ಪಾಲು ಕಡಿಮೆ; ನನ್ನ ಎರಡು ಕೆಂಪುಗಳ ವ್ಯತ್ಯಾಸ ಅಡಗಿದ್ದುದು ಅಲ್ಲಿಯೇ. ಸಿಆರ್‌ಐ ಸರಾಸರಿಯನ್ನು ಎಂಟು ಮೆಲುಬಣ್ಣಗಳಿಂದ ತೆಗೆಯುತ್ತಾರೆ, ಗಾಢ ಕೆಂಪಿಗೆ ಆರ್9 ಎಂಬ ಬೇರೆಯೇ ಅಂಕವಿದೆ. ಡಬ್ಬಿಯ ಮೇಲೆ ಅದನ್ನೂ ಹುಡುಕಿರಿ.

ರೇಷ್ಮೆಯ ವಿಷಯದಲ್ಲಿ ಮಾತ್ರ ನನ್ನ ಮೆಚ್ಚಿನ ದೀಪವೂ ಒಂದು ತೊಡಕು ಕೊಟ್ಟಿತು. ನೂಲಿನ ಹೊಳಪಿನಲ್ಲಿ ಕಾಣುವುದು ಬಟ್ಟೆಯ ಬಣ್ಣವಲ್ಲ, ದೀಪದ್ದೇ ಬಣ್ಣ. ಹಾಸು ಒಂದು ಬಣ್ಣ, ಹೊಕ್ಕು ಇನ್ನೊಂದಾದರೆ ಮಡಿಕೆ ತಿರುಗಿದಂತೆ ಛಾಯೆಯೂ ಬದಲಾಗುತ್ತದೆ. ದೀಪಕ್ಕೆ ಹಾಲುಬಿಳಿ ಮುಚ್ಚಳ ಹಾಕಿ, ಬಟ್ಟೆಯನ್ನು ಓರೆಯಾಗಿ ಹಿಡಿದು ಎರಡು ದಿಕ್ಕಿನಿಂದ ನೋಡುವ ರೂಢಿ ಮಾಡಿಕೊಂಡೆ. ಹತ್ತಿಗೆ ಇದು ಬೇಕಾಗುವುದಿಲ್ಲ.

ಬೆಲೆ ಹೆಚ್ಚೆಂಬುದು ನಿಜ, ಆದ್ದರಿಂದ ಮನೆಗೆಲ್ಲ ಹಾಕಿಸಿಲ್ಲ. ನನ್ನ ಕೆಲಸ ಸಾಗುವುದು ಸಂಜೆ ಏಳರ ಬಳಿಕ. ಯಂತ್ರದ ಮೇಲೆ ಒಂದೇ ಒಂದು ಇದೆ, ಉಳಿದ ಕಡೆ ಹಳೆಯ ಟ್ಯೂಬುಗಳೇ. ಹಗಲಿನಲ್ಲಿ ಹೊಲಿಯುವವರು ಈ ಖರ್ಚಿಗೆ ಹೋಗಬೇಕಿಲ್ಲ, ಉತ್ತರದ ಕಿಟಕಿಯ ಬೆಳಕು ಸಾಕು. ನಾನೂ ಕಡುಗೆಂಪಿನ ಬಟ್ಟೆಗೆ ಕತ್ತರಿ ಹಾಕುವುದನ್ನು ಈಗ ಬೆಳಗಿನವರೆಗೆ ತಡೆಯುತ್ತೇನೆ.