ಒಂದೇ ಹೀರೋ, ಎರಡು ಸಿನಿಮಾ, ಎರಡು ರಾತ್ರಿ: ನಾನೂ ತಂಗಿಯೂ ಮಾಡಿದ ರೀಬೂಟ್ ಹೋಲಿಕೆ

ನನ್ನ ತಂಗಿ ಸೂಪರ್‌ಹೀರೋ ಸಿನಿಮಾ ಒಂದನ್ನೂ ನೋಡಿರಲಿಲ್ಲ. ನಾನು ಅವನ್ನೇ ನೋಡಿಕೊಂಡು ಬೆಳೆದವನು. ಅದಕ್ಕೇ ಇಬ್ಬರೂ ಕೂತು ಒಂದು ಪರೀಕ್ಷೆ ಮಾಡೋಣ ಅನ್ನಿಸಿತು. ಒಂದು ಹೀರೋಗೆ ಎರಡು ಸಿನಿಮಾ, ಎರಡು ರಾತ್ರಿ. ಒಂದು ಹಳೆಯದು, ಇನ್ನೊಂದು ರೀಬೂಟ್, ಅಂದರೆ ಅದೇ ಹೀರೋ ಕಥೆಯನ್ನು ಹೊಸ ನಟನೊಂದಿಗೆ ಮತ್ತೆ ಹೊಸದಾಗಿ ಹೇಳುವ ಸಿನಿಮಾ. ಬೇಕಂತಲೇ ಅವಳಿಗೆ ಹೊಸದನ್ನು ಮೊದಲು ತೋರಿಸಿದೆ, ಹಳೆಯದನ್ನು ಮಾರನೇ ದಿನ. ಜೊತೆಗೆ ನಾನು ಹಳೆಯ ಕಾಮಿಕ್ಸ್‌ಗಳನ್ನು ಮತ್ತೆ ತೆಗೆದು ಓದಿದೆ.

ಈ ಸಿನಿಮಾಗಳು ಬಂದಾಗ ಅಭಿಮಾನಿಗಳು ಏನೇನು ಹೇಳಿದರು ಅನ್ನೋದು ನನಗೆ ಚೆನ್ನಾಗಿ ನೆನಪಿದೆ. ಆ ಗಲಾಟೆಯಲ್ಲಿ ನನ್ನ ದನಿಯೂ ಇತ್ತು. ಆಗ ಆಡಿದ ಮಾತು ಈಗಲೂ ನಿಲ್ಲುತ್ತದಾ ಅಂತ ನೋಡಬೇಕಿತ್ತು.

ಸೂಪರ್‌ಮ್ಯಾನ್: 2013 ಮತ್ತು 2025

ಝ್ಯಾಕ್ ಸ್ನೈಡರ್ ಅವರ 'ಮ್ಯಾನ್ ಆಫ್ ಸ್ಟೀಲ್' ಬಂದಿದ್ದು 2013ರಲ್ಲಿ. ಹೀರೋ ಹೆನ್ರಿ ಕ್ಯಾವಿಲ್. ಜೇಮ್ಸ್ ಗನ್ ಅವರ 'ಸೂಪರ್‌ಮ್ಯಾನ್' ಬಂದಿದ್ದು 2025ರ ಜುಲೈನಲ್ಲಿ. ಹೀರೋ ಡೇವಿಡ್ ಕೊರೆನ್ಸ್‌ವೆಟ್. ನಡುವಿನ 12 ವರ್ಷವೂ ಅಭಿಮಾನಿಗಳು ಒಂದು ಜಗಳವನ್ನು ಬಿಟ್ಟಿಲ್ಲ. ಸೂಪರ್‌ಮ್ಯಾನ್ ಕೊಲ್ಲಬಹುದಾ?

2013ರ ಸಿನಿಮಾದ ಕೊನೆಗೆ, ಸೂಪರ್‌ಮ್ಯಾನ್ ಹುಟ್ಟಿದ ಕ್ರಿಪ್ಟನ್ ಗ್ರಹದವನೇ ಆದ ವಿಲನ್ ಜನರಲ್ ಝಾಡ್ ರೈಲು ನಿಲ್ದಾಣದಲ್ಲಿ ಒಂದು ಕುಟುಂಬವನ್ನು ಕಣ್ಣಿನ ಬೆಂಕಿಯಿಂದ ಸುಡಲು ಹೊರಡುತ್ತಾನೆ. ಬೇರೆ ದಾರಿ ಕಾಣದೆ ಸೂಪರ್‌ಮ್ಯಾನ್ ಅವನ ಕತ್ತು ಮುರಿಯುತ್ತಾನೆ. ಆಮೇಲೆ ಗಂಟಲು ಹರಿಯುವ ಹಾಗೆ ಚೀರುತ್ತಾನೆ. ಅವತ್ತು ಥಿಯೇಟರ್‌ನಿಂದ ಹೊರಬಂದಾಗ ನನಗೆ ನಿಜಕ್ಕೂ ನೋವಾಗಿತ್ತು. ಇವನು ನಮ್ಮ ಸೂಪರ್‌ಮ್ಯಾನ್ ಅಲ್ಲ ಅಂತ ವಾರಗಟ್ಟಲೆ ವಾದ ಮಾಡಿದ್ದೆ.

ಈ ಸಲ ಕಾಮಿಕ್ಸ್ ತೆಗೆದು ನೋಡಿದರೆ ನನ್ನ ವಾದದ ಬುಡವೇ ಅಲ್ಲಾಡಿತು. 1988ರ ಜಾನ್ ಬರ್ನ್ ಅವರ ಕಥೆಯಲ್ಲಿ ಸೂಪರ್‌ಮ್ಯಾನ್ ಝಾಡ್ ಸೇರಿ ಮೂವರನ್ನು ಕ್ರಿಪ್ಟೊನೈಟ್ ಹಿಡಿದು, ಅಂದರೆ ಕ್ರಿಪ್ಟನ್‌ನವರಿಗೆ ವಿಷವಾಗುವ ಕಲ್ಲು ಹಿಡಿದು, ಕೊಲ್ಲುತ್ತಾನೆ. ಅಲ್ಲಿ ಆತುರವೂ ಇಲ್ಲ. ಯೋಚಿಸಿ, ತೀರ್ಪು ಕೊಟ್ಟು ಕೊಲ್ಲುತ್ತಾನೆ. ಇನ್ನೂ ಹಿಂದೆ ಹೋಗಿ, ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ 1938ರಲ್ಲಿ ತಂದ ಮೊದಲ ಕಥೆ ನೋಡಿ. ಅವನಿಗೆ ಹಾರಲೂ ಬರುವುದಿಲ್ಲ, ಜಿಗಿಯುತ್ತಾನೆ ಅಷ್ಟೇ. ನಿರಪರಾಧಿ ಹೆಂಗಸನ್ನು ಮರಣದಂಡನೆಯಿಂದ ಉಳಿಸಲು ರಾತ್ರೋರಾತ್ರಿ ಗವರ್ನರ್ ಮನೆ ಬಾಗಿಲು ಒಡೆಯುತ್ತಾನೆ. ಹೆಂಡತಿಗೆ ಹೊಡೆಯುವವನನ್ನು ಗೋಡೆಗೆ ಎಸೆಯುತ್ತಾನೆ. ಒರಟ, ಸಿಟ್ಟಿನ ಮನುಷ್ಯ.

ಹಾಗಾದರೆ 'ನಮ್ಮ' ಅಂದಿದ್ದೆನಲ್ಲ, ಅವನು ಯಾರು? ಯೋಚಿಸಿದಾಗ ಗೊತ್ತಾಯಿತು. ನಾನು ಮೊದಲು ನೋಡಿದ್ದು 1978ರ ಕ್ರಿಸ್ಟೋಫರ್ ರೀವ್ ಅವರನ್ನು. ನನ್ನ ಅಳತೆಗೋಲು ಅವರಾಗಿದ್ದರು, ಕಾಮಿಕ್ಸ್ ಅಲ್ಲ. ಕಾಮಿಕ್ಸ್‌ಗೆ ದ್ರೋಹ ಆಯಿತು ಅಂತ ಕೂಗುವ ತುಂಬಾ ಜನರದ್ದು ಇದೇ ಕಥೆ ಅಂತ ನನಗೆ ಈಗ ಅನ್ನಿಸುತ್ತದೆ.

ತಂಗಿಗೆ ಅಂಥ ಅಳತೆಗೋಲು ಇರಲಿಲ್ಲ. ಅವಳು ಮೊದಲು ನೋಡಿದ್ದು 2025ರವನನ್ನು. ಆ ಸಿನಿಮಾ ಶುರುವಾಗುವುದೇ ಸೋಲಿನಿಂದ. ಸೂಪರ್‌ಮ್ಯಾನ್ ಹಿಮದಲ್ಲಿ ಬಿದ್ದು ನರಳುತ್ತಾ ಶಿಳ್ಳೆ ಹೊಡೆಯುತ್ತಾನೆ. ಅವನ ನಾಯಿ ಕ್ರಿಪ್ಟೋ ಬಂದು ಎಳೆದುಕೊಂಡು ಹೋಗುತ್ತದೆ. ಮುಂದೆ ದೈತ್ಯ ಪ್ರಾಣಿ ಊರು ತುಳಿಯುತ್ತಿರುವಾಗ ಅವನು ಒಂದು ಅಳಿಲನ್ನೂ ಎತ್ತಿ ಪಕ್ಕಕ್ಕೆ ಬಿಡುತ್ತಾನೆ. ಆ ಅಳಿಲಿನ ಬಗ್ಗೆ ಆಗ ಎಷ್ಟೊಂದು ಚರ್ಚೆ ಆಯಿತು! ಅದು ಜಾಸ್ತಿಯಾಯಿತು ಅಂದವರೂ ಇದ್ದರು. ನನಗೆ ಅದು ಜಾಸ್ತಿ ಅನ್ನಿಸಲೇ ಇಲ್ಲ.

ಮಾರನೇ ರಾತ್ರಿ 'ಮ್ಯಾನ್ ಆಫ್ ಸ್ಟೀಲ್' ಹಾಕಿದೆ. ಕತ್ತು ಮುರಿಯುವ ಸೀನ್ ಬಂದಾಗ ಅವಳ ಮುಖವನ್ನೇ ನೋಡುತ್ತಿದ್ದೆ. ಅವಳಿಗೆ ಸಿಟ್ಟು ಬರಲಿಲ್ಲ, ಅವನ ಬಗ್ಗೆ ಅಯ್ಯೋ ಅನ್ನಿಸಿತಂತೆ. ಅವಳನ್ನು ಕಾಡಿದ್ದು ಅದಕ್ಕೂ ಮುಂಚಿನದು. ಸೂಪರ್‌ಮ್ಯಾನ್‌ನ ಊರಾದ ಮೆಟ್ರೋಪೊಲಿಸ್‌ನಲ್ಲಿ ಒಂದರ ಮೇಲೊಂದು ಕಟ್ಟಡ ಬೀಳುತ್ತಿದ್ದವು. "ಅಣ್ಣಾ, ಈ ಹೊಡೆದಾಟದಲ್ಲಿ ಅವನು ಕೆಳಗೆ ನೋಡಲೇ ಇಲ್ಲ ಅಲ್ವಾ?" ಅಂದಳು.

ನಾನು 12 ವರ್ಷ ಹುಡುಕಿದ ಮಾತು ಅದು. ನನಗೆ ನೋವಾಗಿದ್ದು ಅವನು ಕೊಂದಿದ್ದಕ್ಕಲ್ಲ. ಕೆಳಗಿನ ಜನರನ್ನು ನೋಡದೆ ಇದ್ದಿದ್ದಕ್ಕೆ.

ಆದರೂ 2013ರದ್ದನ್ನು ಪೂರ್ತಿ ತಳ್ಳಿಹಾಕಲು ನನ್ನಿಂದಾಗದು. ಮೊದಲ ಸಲ ಹಾರುವುದನ್ನು ಕಲಿಯುವ ಸೀನ್‌ನಲ್ಲಿ ಹಾನ್ಸ್ ಝಿಮ್ಮರ್ ಸಂಗೀತ ಏರುವಾಗ ಈಗಲೂ ಮೈ ಜುಮ್ಮೆನ್ನುತ್ತದೆ. 2025ರ ಸಿನಿಮಾದಲ್ಲಿ ಅಷ್ಟು ಎತ್ತರಕ್ಕೆ ಹೋಗುವ ಹಾರಾಟ ಇಲ್ಲ. ಅದರ ಬದಲು ಪತ್ರಕರ್ತೆ ಲೋಯಿಸ್ ಲೇನ್ ಅವನ ಸಂದರ್ಶನ ಮಾಡುವ ಸೀನ್ ಇದೆ. ಇಬ್ಬರು ಪ್ರೇಮಿಗಳು, ಒಂದು ಕೋಣೆ, ನಡುವೆ ಒಂದು ರೆಕಾರ್ಡರ್. ಯುದ್ಧ ನಿಲ್ಲಿಸಲು ನಿನಗೆ ಯಾರು ಅಧಿಕಾರ ಕೊಟ್ಟರು ಅನ್ನೋದು ಅವಳ ಪ್ರಶ್ನೆ. ಜನ ಸಾಯುತ್ತಿದ್ದರು ಅನ್ನೋದು ಅವನ ಉತ್ತರ. ಒಂದು ಏಟೂ ಬೀಳದ ಆ ಸೀನ್ ಎರಡೂ ಸಿನಿಮಾದ ಎಲ್ಲ ಹೊಡೆದಾಟಕ್ಕಿಂತ ಬಿಗಿಯಾಗಿದೆ.

ಗನ್ ಸಿನಿಮಾದಲ್ಲಿ ನನಗೆ ಒಪ್ಪಿಗೆಯಾಗದ್ದು ಒಂದಿದೆ. ಕ್ರಿಪ್ಟನ್‌ನ ಹೆತ್ತವರು ಮಗನಿಗೆ ಮನುಷ್ಯರನ್ನು ಆಳು ಅಂತ ಸಂದೇಶ ಕಳಿಸಿದ್ದರು ಅನ್ನೋ ತಿರುವು. ಹಳೆಯ ಓದುಗರು ಇದಕ್ಕೆ ಸಿಟ್ಟಾದರು. ನಾನೂ ಆದೆ. ಸಾಯುವ ಹೊತ್ತಿನಲ್ಲಿ ಮಗುವನ್ನು ಉಳಿಸಿದ ಇಬ್ಬರ ಪ್ರೀತಿಯಿಂದಲೇ ಈ ಕಥೆ ಶುರುವಾಗುವುದು, ಅದನ್ನು ಕಿತ್ತುಕೊಳ್ಳಬಾರದಿತ್ತು.

ಸೂಪರ್‌ಮ್ಯಾನ್ ಉಡುಪಿನ ಮೇಲಿನ ಕೆಂಪು ಚಡ್ಡಿಯ ಜಗಳ ಬೇಗ ಮುಗಿಸುತ್ತೇನೆ. 2011ರಲ್ಲಿ ಕಾಮಿಕ್ಸ್‌ನವರೇ ಅದನ್ನು ತೆಗೆದರು, 2018ರಲ್ಲಿ ವಾಪಸ್ ತಂದರು. 2013ರ ಸಿನಿಮಾದಲ್ಲಿ ಇಲ್ಲ, 2025ರದ್ದರಲ್ಲಿ ಇದೆ. ಸಿನಿಮಾ ಶುರುವಾದ ಹತ್ತು ನಿಮಿಷಕ್ಕೆ ನಮ್ಮಿಬ್ಬರಿಗೂ ಅದು ಮರೆತೇ ಹೋಗಿತ್ತು.

ಒಂದು ಮಾತು ಇಲ್ಲೇ ಹೇಳಬೇಕು. ಅಭಿಮಾನಿಗಳ ಗಲಾಟೆ ಅಂದರೆ ಬರೀ ಬೈಗುಳ ಅಂತ ತಿಳಿಯುವವರಿದ್ದಾರೆ. 2017ರ 'ಜಸ್ಟೀಸ್ ಲೀಗ್' ಮಾಡುವಾಗ ಸ್ನೈಡರ್ ಮಗಳನ್ನು ಕಳೆದುಕೊಂಡು ಅರ್ಧದಲ್ಲೇ ಹೊರಬಂದರು. ಸ್ನೈಡರ್ ಅಂದುಕೊಂಡಿದ್ದ ರೂಪವನ್ನೇ ಬಿಡುಗಡೆ ಮಾಡಿ ಅಂತ ಅಭಿಮಾನಿಗಳು ವರ್ಷಗಟ್ಟಲೆ ಕೇಳಿದರು. 2021ರಲ್ಲಿ ನಾಲ್ಕು ಗಂಟೆಯ ಸಿನಿಮಾ ಬಂತು. ಕೇಳುವವರಲ್ಲಿ ಕೆಲವರು ಬೇರೆಯವರನ್ನು ತುಂಬಾ ಕಾಡಿದ್ದು ನಿಜ, ಅದು ತಪ್ಪು. ಆದರೆ ಅದೇ ಗುಂಪು ಆತ್ಮಹತ್ಯೆ ತಡೆಯುವ ಕೆಲಸಕ್ಕೆ ಲಕ್ಷಗಟ್ಟಲೆ ಡಾಲರ್ ಕೂಡಿಸಿ ಕೊಟ್ಟಿದ್ದೂ ಅಷ್ಟೇ ನಿಜ.

ಸ್ಪೈಡರ್‌ಮ್ಯಾನ್: 2002 ಮತ್ತು 2012

ಸ್ಯಾಮ್ ರೇಮಿ ಅವರ 2002ರ ಸಿನಿಮಾದಲ್ಲಿ ಟೋಬಿ ಮೆಗ್ವೈರ್ ಮಣಿಕಟ್ಟಿನಿಂದಲೇ ಬಲೆ ಚಿಮ್ಮುತ್ತದೆ. 1962ರ ಕಾಮಿಕ್ಸ್‌ನಲ್ಲಿ ಹಾಗಿಲ್ಲ. ಪೀಟರ್ ಪಾರ್ಕರ್ ತಾನೇ ಬಲೆ ಚಿಮ್ಮುವ ಯಂತ್ರ ಮಾಡಿಕೊಳ್ಳುತ್ತಾನೆ, ಅವನ ಬುದ್ಧಿವಂತಿಕೆಯ ಗುರುತೇ ಅದು. ಓದುಗರು ಸಿನಿಮಾ ಬರುವ ಮೊದಲೇ ರೇಗಿದ್ದರು. ಮಾರ್ಕ್ ವೆಬ್ ಅವರ 2012ರ ಸಿನಿಮಾದಲ್ಲಿ ಆಂಡ್ರ್ಯೂ ಗಾರ್ಫೀಲ್ಡ್ ಕೈಗೆ ಆ ಯಂತ್ರ ವಾಪಸ್ ಬಂತು. ಅಭಿಮಾನಿಗಳು ಖುಷಿಯಾದರಾ? ಇಲ್ಲ. ಹಳೆಯ ಸರಣಿ ನಿಂತು ಐದೇ ವರ್ಷ ಆಗಿತ್ತು. ಪೀಟರ್‌ನನ್ನು ಸಾಕಿದ ಬೆನ್ ಅಂಕಲ್ ಸಾಯುವುದನ್ನು ಮತ್ತೆ ಯಾಕೆ ನೋಡಬೇಕು ಅನ್ನೋದು ಎಲ್ಲರ ಮಾತಾಯಿತು. ನನ್ನದೂ ಅದೇ.

ತಂಗಿಗೆ ಅದು 'ಮತ್ತೆ' ಆಗಿರಲಿಲ್ಲ. ಬೆನ್ ರಸ್ತೆಯಲ್ಲಿ ಬಿದ್ದಾಗ ಅವಳು ಅತ್ತಳು. ಆಯಾಸ ಸಿನಿಮಾದ್ದಲ್ಲ, ನನ್ನದು ಅಂತ ಆಗ ಅರ್ಥವಾಯಿತು.

ಇಲ್ಲಿ ನಿಯಮ ಮುರಿದು 2004ರ ಎರಡನೇ ಭಾಗವನ್ನೂ ಹಾಕಿದೆ. ಓಡುವ ರೈಲನ್ನು ನಿಲ್ಲಿಸಿ ಪೀಟರ್ ಮೂರ್ಛೆ ಹೋಗುತ್ತಾನೆ. ಪ್ರಯಾಣಿಕರು ಅವನನ್ನು ಕೈಯಿಂದ ಕೈಗೆ ಎತ್ತಿ ಒಳಗೆ ಮಲಗಿಸುತ್ತಾರೆ. ಮುಖವಾಡ ಇಲ್ಲ, ಎಲ್ಲರೂ ಮುಖ ನೋಡುತ್ತಾರೆ. ಇನ್ನೂ ಹುಡುಗ ಇವನು ಅಂತ ಮೆತ್ತಗಾಗುತ್ತಾರೆ. 2012ರದ್ದರಲ್ಲಿ ಇದಕ್ಕೆ ಹತ್ತಿರದ್ದು ಕ್ರೇನ್ ಸೀನ್. ತನ್ನ ಮಗನನ್ನು ಉಳಿಸಿದವನು ಗಾಯಗೊಂಡಿದ್ದಾನೆ ಅಂತ ತಿಳಿದ ಒಬ್ಬ ಕೆಲಸಗಾರ ಊರಿನ ಕ್ರೇನ್‌ಗಳನ್ನೆಲ್ಲ ಸಾಲಾಗಿ ತಿರುಗಿಸುತ್ತಾನೆ, ಸ್ಪೈಡರ್‌ಮ್ಯಾನ್ ಅವುಗಳಿಗೆ ಬಲೆ ಹಾಕಿ ಸಾಗುತ್ತಾನೆ. ಅದು ಅತಿಯಾಯಿತು ಅಂತ ನಾನು ಆಗ ಅಂದಿದ್ದೆ. ತಂಗಿಗೆ ಅದೇ ಇಷ್ಟ. ಉಪಕಾರಕ್ಕೆ ಉಪಕಾರ ತೀರಿಸಿದರಲ್ಲ ಅನ್ನುತ್ತಾಳೆ. ನನಗೆ ರೈಲೇ ಮೇಲು. ಅಲ್ಲಿನ ಜನ ಅವನಿಗೆ ಏನೂ ತೀರಿಸುತ್ತಿಲ್ಲ, ಸುಮ್ನೆ ಕಾಪಾಡುತ್ತಾರೆ.

ಟಾಮ್ ಹಾಲೆಂಡ್ ಅವರ 2017ರ 'ಹೋಮ್‌ಕಮಿಂಗ್' ಬೆನ್ ಸಾವನ್ನು ತೋರಿಸುವುದೇ ಇಲ್ಲ. ಅಬ್ಬಾ ಅನ್ನಿಸಿತ್ತು. ಐರನ್ ಮ್ಯಾನ್ ಆಗಿರುವ ಶ್ರೀಮಂತ ಟೋನಿ ಸ್ಟಾರ್ಕ್ ಎಲ್ಲವನ್ನೂ ಕೈಗಿಟ್ಟರೆ ಪೀಟರ್‌ನ ಕಷ್ಟ ಎಲ್ಲಿ ಉಳಿಯಿತು ಅನ್ನೋ ದೂರು ಮಾತ್ರ ನ್ಯಾಯವಾದದ್ದು. ಅದಕ್ಕೆ ಸಿನಿಮಾದಲ್ಲೇ ಒಂದು ಉತ್ತರವಿದೆ. ಸ್ಟಾರ್ಕ್ ಕೊಟ್ಟ ಸೂಟ್ ಇಲ್ಲದೆ ಅವನು ಕುಸಿದ ಕಟ್ಟಡದಡಿ ಸಿಕ್ಕಿಕೊಳ್ಳುತ್ತಾನೆ. ಇದು 1966ರ ಕಾಮಿಕ್ಸ್‌ನಿಂದ ಬಂದ ಸೀನ್. ಪುಟ ತೆರೆದು ಪಕ್ಕದಲ್ಲಿಟ್ಟು ನೋಡಿದೆವು. ಸ್ಟೀವ್ ಡಿಟ್ಕೊ ಚಿತ್ರದಲ್ಲಿ ಮೇ ಆಂಟಿಯನ್ನು ಉಳಿಸುವ ಔಷಧಿ ಕಣ್ಣೆದುರಿಗಿದೆ, ಕೈಗೆಟುಕುತ್ತಿಲ್ಲ. ಪುಟ ತಿರುವಿದಂತೆ ಭಾರ ಏರುತ್ತದೆ. ಆ ಬಿಗಿ ಸಿನಿಮಾಗೆ ಬಂದಿಲ್ಲ. ಆದರೆ ಹಾಲೆಂಡ್ ಮೊದಲು ಮಗುವಿನ ಹಾಗೆ ಯಾರಾದರೂ ಬನ್ನಿ ಅಂತ ಅಳುತ್ತಾನೆ. ಅದು ಕಾಮಿಕ್ಸ್‌ನಲ್ಲಿಲ್ಲ, ಇರಬೇಕಿತ್ತು ಅನ್ನಿಸುವಷ್ಟು ಚೆನ್ನಾಗಿದೆ.

ಗಾರ್ಫೀಲ್ಡ್ ವಿಷಯದಲ್ಲಿ ನಾನು ಸೋತೆ. 2014ರ ಸಿನಿಮಾದಲ್ಲಿ ಅವನ ಪ್ರೇಯಸಿ ಗ್ವೆನ್ ಬೀಳುತ್ತಾಳೆ, ಬಲೆ ತಲುಪಿದರೂ ಉಳಿಯುವುದಿಲ್ಲ. 1973ರ ಕಾಮಿಕ್ಸ್‌ನಲ್ಲೂ ಹಾಗೇ. 2021ರ 'ನೋ ವೇ ಹೋಮ್'ನಲ್ಲಿ ಮೂವರು ಸ್ಪೈಡರ್‌ಮ್ಯಾನ್‌ಗಳೂ ಸೇರುತ್ತಾರೆ. ಹಾಲೆಂಡ್ ಪಾತ್ರದ ಪ್ರೇಯಸಿ ಎಂಜೆ ಬೀಳುತ್ತಾಳೆ, ಈ ಸಲ ಗಾರ್ಫೀಲ್ಡ್ ಹಿಡಿಯುತ್ತಾನೆ. ಚೆನ್ನಾಗಿದ್ದೀಯಾ ಅಂತ ಅವನು ಕೇಳುವುದು, ಅಳುವುದೂ ಅವನೇ. ತಂಗಿ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಒಂದು ಕಾಲಕ್ಕೆ ಅವನನ್ನು ಬೇಡ ಅಂದ ಅಭಿಮಾನಿಗಳೇ ಆಮೇಲೆ ಅವನಿಗೆ ಮೂರನೇ ಸಿನಿಮಾ ಕೊಡಿ ಅಂತ ಕೇಳಿದರು. ನಾನೂ ಕೇಳುತ್ತೇನೆ.

ಬ್ಯಾಟ್‌ಮ್ಯಾನ್: 2005 ಮತ್ತು 2022

ಬ್ಯಾಟ್‌ಮ್ಯಾನ್ ಸಿನಿಮಾಗೆ ನಟ ಯಾರು ಅಂತ ಗೊತ್ತಾದ ಕೂಡಲೇ ಗಲಾಟೆ ಏಳುತ್ತದೆ. 1989ರ ಸಿನಿಮಾಗೆ ಮೈಕಲ್ ಕೀಟನ್ ಬೇಡ ಅಂತ ಕಂಪನಿಗೆ ಸಾವಿರಾರು ಪತ್ರ ಬಂದವು. 2006ರಲ್ಲಿ ಹೀತ್ ಲೆಡ್ಜರ್ ಜೋಕರ್ ಅಂದಾಗಲೂ ಹಾಗೇ. ಅವರು ತೀರಿಕೊಂಡ ಮೇಲೆ 2009ರಲ್ಲಿ ಅದೇ ಪಾತ್ರಕ್ಕೆ ಆಸ್ಕರ್ ಬಂತು. 2019ರಲ್ಲಿ ರಾಬರ್ಟ್ ಪ್ಯಾಟಿನ್ಸನ್ ಸರದಿ. ನಟನ ಹೆಸರು ಕೇಳಿ ಹುಟ್ಟುವ ಸಿಟ್ಟನ್ನು ನಾನು ಈಗ ಲೆಕ್ಕಕ್ಕೇ ಹಿಡಿಯುವುದಿಲ್ಲ.

ಕ್ರಿಸ್ಟೋಫರ್ ನೋಲನ್ ಅವರ 2005ರ ಸಿನಿಮಾ ಬ್ರೂಸ್ ವೇನ್ ಬ್ಯಾಟ್‌ಮ್ಯಾನ್ ಆಗುವ ದಾರಿ ತೋರಿಸುತ್ತದೆ. ಮ್ಯಾಟ್ ರೀವ್ಸ್ ಅವರ 2022ರದ್ದು ಅದನ್ನೆಲ್ಲ ಬಿಟ್ಟು ಎರಡನೇ ವರ್ಷಕ್ಕೆ ಹೋಗುತ್ತದೆ. ಅಪ್ಪ ಅಮ್ಮನ ಕೊಲೆ ತೆರೆಯ ಮೇಲೆ ಇಲ್ಲ. ಪತ್ತೇದಾರಿಕೆ ಇದೆ, ಮಳೆ ಇದೆ, ಕತ್ತಲೆ ಇದೆ. 1939ರಲ್ಲಿ ಅವನು ಮೊದಲು ಕಾಣಿಸಿಕೊಂಡ ಪತ್ರಿಕೆಯ ಹೆಸರೇ 'ಡಿಟೆಕ್ಟಿವ್ ಕಾಮಿಕ್ಸ್'. ಹಾಗಾಗಿ ನನಗೆ 2022ರದ್ದೇ ಮನೆಗೆ ಬಂದ ಹಾಗೆ.

ತಂಗಿಗೆ ಹಾಗನ್ನಿಸಲಿಲ್ಲ. ಮೊದಲು ನೋಡಿದ್ದೇ ಇಷ್ಟವಾಗುತ್ತದೆ ಅನ್ನೋ ನನ್ನ ಲೆಕ್ಕ ಇಲ್ಲಿ ತಪ್ಪಿತು. 176 ನಿಮಿಷದ ಸಿನಿಮಾದ ನಡುವೆ ಅವಳು ಎದ್ದು ಹೋದಳು. ಪ್ರವಾಹದಲ್ಲಿ ಅವನು ಕೆಂಪು ಬೆಳಕು ಹಿಡಿದು ಜನರನ್ನು ದಾಟಿಸುವ ಹೊತ್ತಿಗೆ ವಾಪಸ್ ಬಂದಳು. ಇದು ಚೆನ್ನಾಗಿದೆ ಅಂದಳು. ಆದರೆ ಮಾರನೇ ದಿನ 2005ರದ್ದು ನೋಡಿ, ಇವನು ಯಾಕೆ ಹೀಗಾದ ಅಂತ ಇದರಲ್ಲಿ ಗೊತ್ತಾಗುತ್ತದೆ ಅಂತ ಇದನ್ನೇ ಆರಿಸಿಕೊಂಡಳು. ನೂರು ಸಲ ನೋಡಿದವರಿಗೆ ಮಾತ್ರ ಆ ಹಳೆಯ ಕಥೆ ಬೇಡವಾಗಿರುತ್ತದೆ ಅಂತ ಕಾಣುತ್ತದೆ.

'ಫೆಂಟಾಸ್ಟಿಕ್ ಫೋರ್' ಬಗ್ಗೆ ಹೆಚ್ಚು ಹೇಳುವುದಿಲ್ಲ. 2025ರದ್ದರಲ್ಲಿ ನಾಲ್ವರು ಒಂದೇ ಮನೆಯವರು ಅನ್ನೋದು ಮೊದಲ ನಿಮಿಷದಿಂದ ಕಾಣುತ್ತದೆ. 2015ರದ್ದರಲ್ಲಿ ಆ ಮನೆಯೇ ಇಲ್ಲ. ಅರ್ಧಕ್ಕೆ ನಿಲ್ಲಿಸಿದೆವು. ಹೊಸದರಲ್ಲಿ ಹಲಗೆಯ ಮೇಲೆ ಹಾರಿ ಬರುವ ಬೆಳ್ಳಿ ಮೈಯ ಸಿಲ್ವರ್ ಸರ್ಫರ್ ಹೆಣ್ಣು ಅಂತ ಕೆಲವರು ಗೊಣಗಿದರು. ಆದರೆ ಶಾಲಾ ಬಾಲ್ ಅನ್ನುವ ಆ ಪಾತ್ರ 1960ರ ದಶಕದಿಂದಲೂ ಕಾಮಿಕ್ಸ್‌ನಲ್ಲಿದೆ.

ಎಲ್ಲ ಮುಗಿದ ಮೇಲೆ ತಂಗಿ 1978ರ 'ಸೂಪರ್‌ಮ್ಯಾನ್' ಕೇಳಿದಳು. ನನಗೆ ಹೆದರಿಕೆ ಇತ್ತು. ನನ್ನ ಮೊದಲನೆಯದು ಅವಳಿಗೆ ಕೊನೆಯದಾಗಿ ಬರುತ್ತಿತ್ತು. ಶುರುವಿನ ಒಂದು ಗಂಟೆ ಅವಳು ಮಾತಾಡಲಿಲ್ಲ. ಆಮೇಲೆ ಹೆಲಿಕಾಪ್ಟರ್ ಸೀನ್ ಬಂತು. ಲೋಯಿಸ್ ಕಟ್ಟಡದ ತುದಿಯಿಂದ ಬೀಳುತ್ತಾಳೆ. ರೀವ್ ಮೇಲಕ್ಕೆ ಹಾರಿ ಅವಳನ್ನು ಒಂದು ಕೈಯಲ್ಲಿ ಹಿಡಿಯುತ್ತಾರೆ, ಮೇಲಿಂದ ಬೀಳುವ ಹೆಲಿಕಾಪ್ಟರನ್ನು ಇನ್ನೊಂದು ಕೈಯಲ್ಲಿ. ಕೆಳಗೆ ರಸ್ತೆ ತುಂಬ ಜನ ತಲೆಯೆತ್ತಿ ನಿಂತಿದ್ದಾರೆ.

"ಇನ್ನೊಂದು ಸಲ ಹಾಕು ಅಣ್ಣಾ," ಅಂದಳು. ಹಾಕಿದೆ.